ಫರಾಯಿಜ್ ಕಲಿಯುವ ಬಗೆ: ವಾರಸು ಲೆಕ್ಕದಿಂದ ಇಸ್ಲಾಮಿಕ್ ನ್ಯಾಯಶಾಸ್ತ್ರದೊಳಕ್ಕೆ

ಇಸ್ಲಾಮಿಕ್ ಕಾನೂನನ್ನು ಎಲ್ಲಿಂದ ಓದಲು ಶುರು ಮಾಡಬೇಕು ಎಂದು ಕಾನೂನು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ನಾನು ವಾರಸು ಹಕ್ಕಿನಿಂದ, ಅಂದರೆ ಫರಾಯಿಜ್‌ನಿಂದ ಎಂದೇ ಹೇಳುತ್ತೇನೆ. ಮದುವೆ, ತಲಾಖ್, ಜೀವನಾಂಶದ ಸುತ್ತ ಈಗ ಎಷ್ಟು ಗದ್ದಲವಿದೆ ಎಂದರೆ ಹೊಸಬರಿಗೆ ಶಾಸ್ತ್ರ ಯಾವುದು, ವಾದವಿವಾದ ಯಾವುದು ಎಂದು ಬಿಡಿಸಿಕೊಳ್ಳುವುದೇ ಕಷ್ಟ. ವಾರಸಿನ ಲೆಕ್ಕಕ್ಕೆ ಒಂದು ನೋಟ್‌ಬುಕ್, ಒಂದು ಪೆನ್ನು, ಹೈಸ್ಕೂಲಿನಲ್ಲಿ ಕಲಿತ ಭಿನ್ನರಾಶಿ ಮತ್ತು ಲ.ಸಾ.ಅ. ಸಾಕು. ಕುರ್‌ಆನ್ ಎಲ್ಲಿ ಮಾತಾಡುತ್ತದೆ, ಹದೀಸ್ ಎಲ್ಲಿ ಕೈಗೆ ಬರುತ್ತದೆ, ಪ್ರವಾದಿಯವರ ಸಂಗಾತಿಗಳು ಎಲ್ಲಿ ಭಿನ್ನಾಭಿಪ್ರಾಯಪಟ್ಟರು, ಸುನ್ನಿ ಪಂಥಗಳಾದ ಹನಫಿಗಳೂ ಶಾಫಿಗಳೂ ಎಲ್ಲಿ ದಾರಿ ಬದಲಿಸಿದರು, ಭಾರತದ ಕಾಯ್ದೆ ಎಲ್ಲಿ ನಡುವೆ ಬಂತು ಎಂಬುದೆಲ್ಲ ಇದರಲ್ಲಿ ಕಣ್ಣಿಗೆ ಕಾಣುತ್ತದೆ. ಕೊನೆಗೆ ಪಾಲುಗಳನ್ನು ಕೂಡಿಸಿದರೆ ಲೆಕ್ಕ ಸರಿಯೋ ತಪ್ಪೋ ತಾನಾಗಿ ಗೊತ್ತಾಗುತ್ತದೆ.

ಇನ್ನೊಂದು ಕಾರಣ ನಮ್ಮ ಊರುಗಳದ್ದು. ಮೈಸೂರಿನ ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾಗಳಲ್ಲಿ, ಮಂಡ್ಯ ಕಡೆಯ ಹಳ್ಳಿಗಳಲ್ಲಿ ಖಾತೆ ಇನ್ನೂ ತಾತನ ಹೆಸರಿನಲ್ಲೇ ಇರುವ ಮನೆಗಳು ಬೇಕಾದಷ್ಟಿವೆ. ಗಂಡ ಸತ್ತ ಹೆಂಗಸಿಗೆ "ನಿನಗೇನಮ್ಮ ಬರುತ್ತೆ ಇದರಲ್ಲಿ" ಅನ್ನುವವರಿದ್ದಾರೆ. ತನಗೆಷ್ಟು ಬರಬೇಕಿತ್ತು ಎಂದು ತಿಳಿಯದೆಯೇ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರಿದ್ದಾರೆ. ಲೆಕ್ಕ ಗೊತ್ತಿದ್ದವರು ಮನೆಯಲ್ಲಿ ಒಬ್ಬರಿದ್ದರೂ ಇದು ಇಷ್ಟು ಸಲೀಸಾಗಿ ನಡೆಯುವುದಿಲ್ಲ.

ಈ ವಿದ್ಯೆ ಈ ಸೀಮೆಗೆ ಹೊಸದೇನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಗ್ರಂಥಭಂಡಾರ ಇಂಗ್ಲಿಷರ ಕೈ ಸೇರಿತು. ಚಾರ್ಲ್ಸ್ ಸ್ಟುವರ್ಟ್ 1809ರಲ್ಲಿ ಅದರ ವಿವರಪಟ್ಟಿ ಪ್ರಕಟಿಸಿದ. ಅದರಲ್ಲಿ ಫಿಕ್ಹ್, ಅಂದರೆ ನ್ಯಾಯಶಾಸ್ತ್ರದ ಗ್ರಂಥಗಳಿಗೆ ಪ್ರತ್ಯೇಕ ವಿಭಾಗವೇ ಇದೆ. ಕಾವೇರಿಯ ದಡದಲ್ಲಿ ಓದುತ್ತಿದ್ದ ಶಾಸ್ತ್ರವನ್ನು ಇಲ್ಲಿನ ಮಕ್ಕಳು ಕನ್ನಡದಲ್ಲೇ ಕೂತು ಬಿಡಿಸಬೇಕು ಎಂಬುದು ನನ್ನ ಆಸೆ.

ಶುರುವಿಗೆ ಮುಂಚೆ: ಮೂರು ಆಯತ್, ನಾಲ್ಕು ಆಧಾರ

ಕುರ್‌ಆನಿನ 4ನೇ ಅಧ್ಯಾಯ, ಸೂರಾ ಅನ್ನಿಸಾದ 11, 12 ಮತ್ತು 176ನೇ ಆಯತ್‌ಗಳನ್ನು (ವಚನಗಳನ್ನು) ಕನ್ನಡ ಅನುವಾದದಲ್ಲಿ ನಿಧಾನವಾಗಿ ಓದಿ. ನಿಗದಿಯಾದ ಪಾಲುಗಳ ಬುಡ ಇರುವುದು ಈ ಮೂರರಲ್ಲೇ. 11 ಮಕ್ಕಳು ಮತ್ತು ತಂದೆತಾಯಿಗೆ, 12 ಗಂಡಹೆಂಡತಿ ಮತ್ತು ತಾಯಿ ಒಬ್ಬಳೇ ಆದ (ತಂದೆ ಬೇರೆಯಾದ) ಒಡಹುಟ್ಟಿದವರಿಗೆ, 176 ಸ್ವಂತ ಮತ್ತು ತಂದೆ ಒಬ್ಬನೇ ಆದ (ತಾಯಿ ಬೇರೆಯಾದ) ಒಡಹುಟ್ಟಿದವರಿಗೆ ಸಂಬಂಧಿಸಿದ್ದು. ಓದುವಾಗ ಪಾಲುಗಳನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಸಿಗುವುದು ಆರೇ ಭಿನ್ನರಾಶಿ: 1/2, 1/4, 1/8, 2/3, 1/3, 1/6.

ಸುನ್ನಿ ನ್ಯಾಯಶಾಸ್ತ್ರದ ಆಧಾರಗಳು ನಾಲ್ಕು: ಕುರ್‌ಆನ್, ಹದೀಸ್‌ಗಳಿಂದ ತಿಳಿಯುವ ಪ್ರವಾದಿಯವರ ನಡೆನುಡಿಯಾದ ಸುನ್ನತ್, ವಿದ್ವಾಂಸರ ಒಮ್ಮತವಾದ ಇಜ್ಮಾ, ಹೋಲಿಕೆಯಿಂದ ತರ್ಕಿಸುವ ಖಿಯಾಸ್. ಪಂಥಗಳೂ ನಾಲ್ಕು: ಅಬೂ ಹನೀಫಾ (ಮರಣ 767), ಮಾಲಿಕ್ (795), ಶಾಫಿಈ (820), ಅಹ್ಮದ್ ಇಬ್ನ್ ಹಂಬಲ್ (855) ಇವರ ಹೆಸರಿನವು. ಇವನ್ನು ಬಾಯಿಪಾಠ ಮಾಡುತ್ತಾ ಕೂರಬೇಡಿ. ಮುಂದಿನ ಲೆಕ್ಕಗಳಲ್ಲಿ ಒಂದೊಂದೂ ಎದುರಾದಾಗ ಗುರುತು ಹಚ್ಚಿ.

ಹಂತ 1: ಯಾವ ಕಾನೂನು, ಯಾವ ಪಂಥ?

ಸತ್ತವರು ಮುಸ್ಲಿಮರು ಎಂದ ಕೂಡಲೇ ಲೆಕ್ಕಕ್ಕೆ ಇಳಿಯುವುದು ಅವಸರ. 1937ರ ಮುಸ್ಲಿಂ ವೈಯಕ್ತಿಕ ಕಾನೂನು (ಷರೀಅತ್) ಅನ್ವಯ ಕಾಯ್ದೆ ಉಯಿಲಿಲ್ಲದ ವಾರಸಿಗೆ ಷರೀಅತ್ ಅನ್ವಯ ಎನ್ನುತ್ತದೆ. ಆದರೆ ಅದರ 2ನೇ ಕಲಮು ಕೃಷಿ ಭೂಮಿಯ ಪ್ರಶ್ನೆಯನ್ನು ಹೊರಗಿಟ್ಟಿದೆ. ಕಬ್ಬು, ಭತ್ತದ ಗದ್ದೆಯೇ ಆಸ್ತಿಯಾಗಿರುವ ಮಂಡ್ಯದಂಥ ಜಿಲ್ಲೆಯಲ್ಲಿ ಇದು ಸಣ್ಣ ವಿಷಯವಲ್ಲ. ಹೊರಗಿಟ್ಟಿದೆ ಎಂದ ಮಾತ್ರಕ್ಕೆ ಗದ್ದೆಗೆ ಬೇರೆ ಕಾನೂನು ಎಂದು ತಾನಾಗಿ ಆಗುವುದೂ ಇಲ್ಲ. ಹಳೆಯ ರೂಢಿ, ಆ ಪ್ರದೇಶದ ಕಾಯ್ದೆ, ತೀರ್ಪುಗಳನ್ನು ವಕೀಲರ ಜೊತೆ ಕೂತು ನೋಡಬೇಕು. ಅದಕ್ಕೇ ಆಸ್ತಿ ಪಟ್ಟಿ ಮಾಡುವಾಗ ಕೃಷಿ ಜಮೀನನ್ನು ಬೇರೆ ಪುಟದಲ್ಲಿ ಬರೆಯಿರಿ.

ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದ ಮುಸ್ಲಿಮರ ಆಸ್ತಿ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೋಗುತ್ತದೆ. ಮದುವೆ ಎಲ್ಲಿ, ಹೇಗೆ ನೋಂದಣಿಯಾಯಿತು ಎಂದು ಮೊದಲೇ ಕೇಳಿಬಿಡಿ.

ಆಮೇಲೆ ಪಂಥ. ಮೈಸೂರು, ಮಂಡ್ಯದ ಉರ್ದು ಮನೆಮಾತಿನ ಕುಟುಂಬಗಳು ಬಹುಪಾಲು ಹನಫಿ. ಕರಾವಳಿಯಿಂದ ಬಂದು ನೆಲೆಸಿದ ಬ್ಯಾರಿಗಳು, ಕೇರಳ ಮೂಲದವರು ಸಾಮಾನ್ಯವಾಗಿ ಶಾಫಿ. ಶಿಯಾ ಕುಟುಂಬವಾದರೆ ವಾರಸುದಾರರ ವರ್ಗೀಕರಣವೇ ಬೇರೆ, ಕೆಳಗಿನ ಲೆಕ್ಕ ಅವರಿಗೆ ಹೊಂದುವುದಿಲ್ಲ. ಇಲ್ಲಿ ನಾನು ಹನಫಿ ಪದ್ಧತಿಯನ್ನು ಹಿಡಿದಿದ್ದೇನೆ, ಶಾಫಿ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಹೇಳುತ್ತೇನೆ.

ನಮ್ಮ ಕಡೆ ಎಲ್ಲರೂ ಕೇಳುವ ಒಂದು ಪ್ರಶ್ನೆ: "ಆಸ್ತಿ ಪಿತ್ರಾರ್ಜಿತವೋ ಸ್ವಯಾರ್ಜಿತವೋ?" ಅಕ್ಕಪಕ್ಕದ ಹಿಂದೂ ಕುಟುಂಬಗಳ ಪಾಲುಪಾರಿಕತ್ತು ನೋಡಿ ಬಂದ ಪ್ರಶ್ನೆ ಇದು. ಮುಸ್ಲಿಂ ಕಾನೂನಿನಲ್ಲಿ ಆ ಭೇದವಿಲ್ಲ. ಹುಟ್ಟಿನಿಂದ ಯಾರಿಗೂ ಪಾಲು ಬರುವುದಿಲ್ಲ. ಅಪ್ಪ ಬದುಕಿರುವಾಗ ಮಗನಿಗೂ ಹಕ್ಕಿಲ್ಲ, ಮಗಳಿಗೂ ಇಲ್ಲ. ಸತ್ತ ಕ್ಷಣದಲ್ಲಿ ಎಲ್ಲ ವಾರಸುದಾರರಿಗೂ ಅವರವರ ಪಾಲು ಏಕಕಾಲಕ್ಕೆ ಹುಟ್ಟುತ್ತದೆ.

ಹಂತ 2: ಹಂಚುವ ಮೊದಲು ಕಳೆಯಬೇಕಾದದ್ದು

ಸತ್ತವರು ಬಿಟ್ಟುಹೋದದ್ದೆಲ್ಲ ತರ್ಕಾ. ಮನೆ, ಅಂಗಡಿಯ ಸರಕು, ಒಡವೆ, ಬ್ಯಾಂಕಿನ ಹಣ, ಬರಬೇಕಾದ ಸಾಲ ಎಲ್ಲವೂ ಸೇರಿ. ಬ್ಯಾಂಕ್ ಖಾತೆಗೆ ನಾಮಿನಿ ಇದ್ದಾರೆ ಎಂದು ಆ ಹಣ ಪಟ್ಟಿಯಿಂದ ಬಿಡಬೇಡಿ. ನಾಮಿನಿ ಹಣವನ್ನು ಬಿಡಿಸಿಕೊಳ್ಳಬಹುದು, ಒಡೆತನ ವಾರಸುದಾರರದ್ದೇ.

ಕಳೆಯುವ ಕ್ರಮ: ಕಫನ್ ದಫನ್ (ಅಂತ್ಯಸಂಸ್ಕಾರ) ಖರ್ಚು, ಆಮೇಲೆ ಸಾಲ, ಆಮೇಲೆ ವಸಿಯತ್ (ಉಯಿಲು). ಉಳಿದದ್ದು ವಾರಸುದಾರರಿಗೆ.

ಸಾಲದ ಪಟ್ಟಿಯಲ್ಲಿ ನಮ್ಮವರು ಮರೆಯುವುದು, ಎಷ್ಟೋ ಸಲ ಬೇಕೆಂದೇ ಮರೆಯುವುದು, ಹೆಂಡತಿಯ ಮೆಹರ್, ಅಂದರೆ ಮದುವೆಯಲ್ಲಿ ಗಂಡ ಅವಳಿಗೆ ಕೊಡಲು ಒಪ್ಪಿದ ಹಣ ಅಥವಾ ಸ್ವತ್ತು. ನಿಕಾಹ್‌ನಾಮೆಯಲ್ಲಿ ಬರೆದ ಮೆಹರ್ ಕೊಟ್ಟಿಲ್ಲದಿದ್ದರೆ ಅದು ಗಂಡನ ಮೇಲಿನ ಸಾಲ. ಅವನು ಸತ್ತ ಮೇಲೆ ಅವನ ಆಸ್ತಿಯ ಮೇಲಿನ ಸಾಲ. ಮೆಹರ್ ಬೇರೆ, ವಿಧವೆಯ ಪಾಲು ಬೇರೆ. ಒಂದನ್ನು ಕೊಟ್ಟು ಇನ್ನೊಂದು ತೀರಿತು ಎನ್ನುವಂತಿಲ್ಲ. ಗಂಡನ ಆಸ್ತಿ ಸಕ್ರಮವಾಗಿ ತನ್ನ ಸ್ವಾಧೀನಕ್ಕೆ ಬಂದಿದ್ದರೆ ಮೆಹರ್ ತೀರುವ ತನಕ ಅದನ್ನು ಬಿಟ್ಟುಕೊಡದೆ ಹಿಡಿದಿಟ್ಟುಕೊಳ್ಳುವ ಹಕ್ಕನ್ನೂ ನ್ಯಾಯಾಲಯಗಳು ವಿಧವೆಗೆ ಮಾನ್ಯ ಮಾಡಿವೆ.

ವಸಿಯತ್‌ಗೆ ಎರಡು ಮಿತಿ. ಖರ್ಚು, ಸಾಲ ಕಳೆದು ಉಳಿದದ್ದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಕಾಯಿಲೆ ಬಿದ್ದ ಸಅದ್ ಬಿನ್ ಅಬೀ ವಖ್ಖಾಸ್ ತಮ್ಮ ಸಂಪತ್ತನ್ನು ದಾನ ಬರೆಯಲು ಕೇಳಿದಾಗ, ಮೂರನೇ ಒಂದು ಸಾಕು, ಅದೇ ಹೆಚ್ಚು ಎಂದು ಪ್ರವಾದಿಯವರು ಹೇಳಿದ ಹದೀಸ್ ಇದಕ್ಕೆ ಆಧಾರ. ಎರಡನೆಯದು, ವಾರಸುದಾರನಿಗೇ ವಸಿಯತ್ ಬರೆದರೆ ಉಳಿದ ವಾರಸುದಾರರ ಒಪ್ಪಿಗೆ ಬೇಕು. ಹನಫಿಗಳಲ್ಲಿ ಆ ಒಪ್ಪಿಗೆ ಸಾವಿನ ನಂತರ ಕೊಟ್ಟದ್ದೇ ಆಗಬೇಕು. ಕುರ್‌ಆನ್ ಪಾಲು ಹೇಳಿತು, ಹದೀಸ್ ಮಿತಿ ಹಾಕಿತು: ಎರಡನೇ ಆಧಾರ ಕೆಲಸ ಮಾಡುವುದು ಹೀಗೆ ಎಂದು ಇಲ್ಲೇ ಗುರುತು ಹಾಕಿಕೊಳ್ಳಿ.

ಹಂತ 3: ವಂಶವೃಕ್ಷ ಬರೆಯುವುದು

ನಾಡಕಚೇರಿಯ ವಂಶವೃಕ್ಷ ಪತ್ರ ಇದ್ದರೂ ನಿಮ್ಮ ಕೈಯಿಂದ ಒಂದು ಬರೆಯಿರಿ. ಪ್ರತಿ ಹೆಸರಿನ ಮುಂದೆ ಬದುಕಿದ್ದಾರೋ ಇಲ್ಲವೋ, ಇಲ್ಲವಾದರೆ ಸತ್ತ ತಾರೀಖು ಯಾವುದು ಎಂದು ಬರೆಯಿರಿ. ತಾರೀಖು ಏಕೆ ಅಷ್ಟು ಮುಖ್ಯ ಎಂದು 7ನೇ ಹಂತದಲ್ಲಿ ಗೊತ್ತಾಗುತ್ತದೆ. ದತ್ತು ಮಗುವಿಗೆ ಈ ಕಾನೂನಿನಲ್ಲಿ ವಾರಸು ಹಕ್ಕಿಲ್ಲ, ವಸಿಯತ್ ಅಥವಾ ಹಿಬಾ (ಬದುಕಿರುವಾಗಲೇ ಕೊಡುವ ದಾನ) ಮೂಲಕ ಕೊಡಬಹುದು. ಕೊಂದವನಿಗೆ ಕೊಲೆಯಾದವನ ಆಸ್ತಿಯಲ್ಲಿ ಪಾಲಿಲ್ಲ.

ಈಗ ಯಾರು ಯಾರನ್ನು ತಡೆಯುತ್ತಾರೆ ಎಂಬ ನಿಯಮ, ಅಂದರೆ ಹಜ್ಬ್. ಗಂಡ ಅಥವಾ ಹೆಂಡತಿ, ತಂದೆ, ತಾಯಿ, ಮಗ, ಮಗಳು ಇವರನ್ನು ಯಾರೂ ಪೂರ್ತಿಯಾಗಿ ಹೊರಹಾಕಲಾರರು. ಉಳಿದವರ ವಿಷಯದಲ್ಲಿ ಹತ್ತಿರದವನು ದೂರದವನನ್ನು ತಡೆಯುತ್ತಾನೆ. ಮಗನಿದ್ದರೆ ಮೊಮ್ಮಗನಿಗಿಲ್ಲ, ತಂದೆಯಿದ್ದರೆ ತಾತನಿಗಿಲ್ಲ. ಮಗನೋ ತಂದೆಯೋ ಇದ್ದರೆ ಒಡಹುಟ್ಟಿದವರಿಗಿಲ್ಲ.

ಅಪ್ಪನಿಗಿಂತ ಮೊದಲೇ ತೀರಿಕೊಂಡ ಮಗನ ಮಕ್ಕಳು ಚಿಕ್ಕಪ್ಪ ದೊಡ್ಡಪ್ಪ ಬದುಕಿದ್ದರೆ ತಾತನ ಆಸ್ತಿಯಿಂದ ಹೊರಗುಳಿಯುವುದು ಈ ನಿಯಮದಿಂದಲೇ. ನನಗೆ ಇದರಷ್ಟು ನೋವಿನ ಜಾಗ ಈ ಶಾಸ್ತ್ರದಲ್ಲಿ ಬೇರೆ ಇಲ್ಲ. ಈಜಿಪ್ಟ್ 1946ರಲ್ಲಿ ಕಡ್ಡಾಯ ವಸಿಯತ್ ಎಂಬ ಕಾಯ್ದೆ ತಂದಿತು, ಪಾಕಿಸ್ತಾನ 1961ರಲ್ಲಿ ಸತ್ತ ಮಗನ ಪಾಲನ್ನು ಅವನ ಮಕ್ಕಳಿಗೇ ಕೊಡಿಸಿತು. ಭಾರತದಲ್ಲಿ ಅಂಥ ಕಾಯ್ದೆ ಇಲ್ಲ. ಆದರೆ ಶಾಸ್ತ್ರವೇ ಒಂದು ಬಾಗಿಲು ತೆರೆದಿಟ್ಟಿದೆ: ಮೊಮ್ಮಗ ವಾರಸುದಾರನಲ್ಲದ ಕಾರಣ ತಾತ ಅವನ ಹೆಸರಿಗೆ ಮೂರನೇ ಒಂದರವರೆಗೆ ವಸಿಯತ್ ಬರೆಯಬಹುದು. ತಂದೆ ಕಳೆದುಕೊಂಡ ಮೊಮ್ಮಕ್ಕಳಿರುವ ಹಿರಿಯರು ಯಾರೇ ಸಿಕ್ಕಲಿ, ಇದನ್ನು ಅವರ ಕಿವಿಗೆ ಹಾಕಿ.

ಹಂತ 4: ನಿಗದಿತ ಪಾಲುಗಳು

ನಿಗದಿತ ಪಾಲಿನವರು ಹನ್ನೆರಡು ಮಂದಿ. ಗಂಡಸರು ನಾಲ್ಕು: ಗಂಡ, ತಂದೆ, ತಂದೆಯ ತಂದೆ, ತಾಯಿ ಒಬ್ಬಳೇ ಆದ ಸಹೋದರ. ಹೆಂಗಸರು ಎಂಟು: ಹೆಂಡತಿ, ಮಗಳು, ಮಗನ ಮಗಳು, ತಾಯಿ, ಅಜ್ಜಿ, ಸ್ವಂತ ಸಹೋದರಿ, ತಂದೆ ಒಬ್ಬನೇ ಆದ ಸಹೋದರಿ, ತಾಯಿ ಒಬ್ಬಳೇ ಆದ ಸಹೋದರಿ. ಪಟ್ಟಿಯಲ್ಲಿ ಮೂರರಲ್ಲಿ ಎರಡು ಭಾಗ ಹೆಂಗಸರೇ ಇದ್ದಾರೆ ಎಂಬುದನ್ನು ತರಗತಿಯಲ್ಲಿ ನಾನು ಬೇಕೆಂದೇ ಎಣಿಸಿ ತೋರಿಸುತ್ತೇನೆ.

ಮೊದಲು ಮನೆಯೊಳಗಿನವರನ್ನು ಕಲಿಯಿರಿ, ಹೆಚ್ಚಿನ ಪ್ರಕರಣಗಳು ಅಲ್ಲೇ ಮುಗಿಯುತ್ತವೆ. ಗಂಡನಿಗೆ 1/2, ಸತ್ತವಳಿಗೆ ಮಕ್ಕಳಿದ್ದರೆ 1/4. ಹೆಂಡತಿಗೆ 1/4, ಮಕ್ಕಳಿದ್ದರೆ 1/8, ಹೆಂಡತಿಯರು ಒಬ್ಬರಿಗಿಂತ ಹೆಚ್ಚಿದ್ದರೂ ಅಷ್ಟನ್ನೇ ಹಂಚಿಕೊಳ್ಳಬೇಕು. ತಾಯಿಗೆ 1/3, ಸತ್ತವರಿಗೆ ಮಕ್ಕಳಿದ್ದರೆ ಅಥವಾ ಇಬ್ಬರು ಮೇಲ್ಪಟ್ಟು ಒಡಹುಟ್ಟಿದವರಿದ್ದರೆ 1/6. ತಂದೆಗೆ ಮಕ್ಕಳಿದ್ದಾಗ 1/6, ಹೆಣ್ಣುಮಕ್ಕಳು ಮಾತ್ರ ಇದ್ದರೆ 1/6ರ ಜೊತೆಗೆ ಮಿಕ್ಕದ್ದೂ ಸಿಗುತ್ತದೆ. ಒಬ್ಬಳೇ ಮಗಳಿಗೆ 1/2, ಇಬ್ಬರು ಮೇಲ್ಪಟ್ಟರೆ ಎಲ್ಲರಿಗೂ ಸೇರಿ 2/3, ಜೊತೆಗೆ ಮಗನಿದ್ದರೆ ನಿಗದಿತ ಪಾಲು ಹೋಗಿ ಅವನ ಜೊತೆ ಶೇಷದಲ್ಲಿ ಪಾಲು. ಮಕ್ಕಳು, ತಂದೆ, ಸ್ವಂತ ಸಹೋದರ ಇಲ್ಲದಾಗ ಸ್ವಂತ ಸಹೋದರಿಗೂ ಮಗಳಂತೆಯೇ 1/2, 2/3. ತಾಯಿ ಒಬ್ಬಳೇ ಆದ ಒಡಹುಟ್ಟಿದವರಿಗೆ ಒಬ್ಬರಾದರೆ 1/6, ಹೆಚ್ಚಾದರೆ 1/3, ಅದನ್ನು ಗಂಡು ಹೆಣ್ಣು ಭೇದವಿಲ್ಲದೆ ಸಮವಾಗಿ ಹಂಚಬೇಕು.

ಹಂತ 5: ಉಳಿದದ್ದು ಯಾರಿಗೆ?

ನಿಗದಿತ ಪಾಲು ಕೊಟ್ಟ ಮೇಲೆ ಉಳಿದದ್ದು ಅಸಬಾ, ಅಂದರೆ ಶೇಷ ಪಡೆಯುವವರಿಗೆ. ಕ್ರಮ ಹೀಗೆ: ಮಗ, ಮಗನ ಮಗ, ತಂದೆ, ತಂದೆಯ ತಂದೆ, ಸ್ವಂತ ಸಹೋದರ, ತಂದೆ ಒಬ್ಬನೇ ಆದ ಸಹೋದರ, ಅವರ ಗಂಡುಮಕ್ಕಳು, ಆಮೇಲೆ ತಂದೆಯ ಸಹೋದರರು. ಮಗನ ಜೊತೆ ಮಗಳು, ಸಹೋದರನ ಜೊತೆ ಸಹೋದರಿ ಶೇಷದಲ್ಲಿ ಸೇರಿದಾಗ ಗಂಡಿಗೆ ಎರಡು, ಹೆಣ್ಣಿಗೆ ಒಂದು. ಮಗಳಿದ್ದು, ಮಗನಾಗಲಿ ತಂದೆಯಾಗಲಿ ಸ್ವಂತ ಸಹೋದರನಾಗಲಿ ಇಲ್ಲದಿದ್ದರೆ, ಮಗಳು ತನ್ನ ಪಾಲು ತೆಗೆದುಕೊಂಡ ಮೇಲೆ ಮಿಕ್ಕದ್ದು ಸ್ವಂತ ಸಹೋದರಿಗೇ. ಇದು ಪ್ರವಾದಿಯವರ ಸಂಗಾತಿ ಇಬ್ನ್ ಮಸ್‌ಊದ್ ಅವರು ತಿಳಿಸಿದ ಹದೀಸ್‌ನಿಂದ ಬಂದದ್ದು.

ಒಂದು ಪೂರ್ತಿ ಲೆಕ್ಕ ಮಾಡೋಣ. ಅಶೋಕ ರಸ್ತೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ಒಬ್ಬರು ತೀರಿಕೊಂಡರು ಎಂದಿಟ್ಟುಕೊಳ್ಳಿ. ಬಿಟ್ಟದ್ದು 66,00,000 ರೂ. ಬೆಲೆಯ ಆಸ್ತಿ. ಅಂತ್ಯಸಂಸ್ಕಾರದ ಖರ್ಚು 40,000, ಬ್ಯಾಂಕ್ ಸಾಲ 4,60,000, ಹೆಂಡತಿಯ ಬಾಕಿ ಮೆಹರ್ 1,00,000. ಕಳೆದರೆ 60,00,000. ಮೊದಲೇ ತೀರಿಹೋದ ಹಿರಿಮಗನ ಮಗನಿಗೆ 9,60,000 ವಸಿಯತ್ ಬರೆದಿದ್ದರು. 20 ಲಕ್ಷದ ಮಿತಿಯೊಳಗಿದೆ, ಆದ್ದರಿಂದ ಸರಿ. ಹಂಚಬೇಕಾದದ್ದು 50,40,000.

ಬದುಕಿರುವವರು ಹೆಂಡತಿ, ತಾಯಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಹೆಂಡತಿಗೆ 1/8, ತಾಯಿಗೆ 1/6. ಎರಡಕ್ಕೂ ಹೊಂದುವ ಛೇದ 24. ಹೆಂಡತಿಗೆ 3, ತಾಯಿಗೆ 4, ಉಳಿದದ್ದು 17. ಗಂಡುಮಕ್ಕಳಿಗೆ ಎರಡೆರಡು, ಹೆಣ್ಣುಮಕ್ಕಳಿಗೆ ಒಂದೊಂದು ಎಂದರೆ ಏಳು ಭಾಗ. 17 ಏಳರಿಂದ ಭಾಗವಾಗುವುದಿಲ್ಲ. ಹಾಗಾಗಿ ಇಡೀ ಲೆಕ್ಕವನ್ನು ಏಳರಿಂದ ಗುಣಿಸಬೇಕು, ಇದಕ್ಕೆ ತಸ್ಹೀಹ್ ಎನ್ನುತ್ತಾರೆ. ಒಟ್ಟು 168. ಹೆಂಡತಿಗೆ 21, ತಾಯಿಗೆ 28, ಪ್ರತಿ ಮಗನಿಗೆ 34, ಪ್ರತಿ ಮಗಳಿಗೆ 17. ಕೂಡಿಸಿ: 21 + 28 + 68 + 51 = 168. ಒಂದು ಭಾಗಕ್ಕೆ 30,000 ರೂ. ಹೆಂಡತಿಗೆ 6,30,000, ತಾಯಿಗೆ 8,40,000, ಮಗನಿಗೆ 10,20,000, ಮಗಳಿಗೆ 5,10,000. ಹೆಂಡತಿಯ ಮೆಹರ್ ಇದರಲ್ಲಿ ಸೇರಿಲ್ಲ, ಅದು ಆಗಲೇ ಅವರ ಕೈಗೆ ಹೋಗಿದೆ.

ಇದೇ ಮನೆಯಲ್ಲಿ ಗಂಡುಮಕ್ಕಳು, ಮೊಮ್ಮಗ ಇಲ್ಲದೆ, ತಾಯಿಯೂ ಇಲ್ಲದೆ, ಹೆಂಡತಿ, ಒಬ್ಬಳೇ ಮಗಳು, ಸತ್ತವರ ತಮ್ಮ ಇದ್ದರೆ? ಹೆಂಡತಿಗೆ 1/8, ಮಗಳಿಗೆ 1/2, ಉಳಿದ 3/8 ತಮ್ಮನಿಗೆ. ಹೆಣ್ಣುಮಕ್ಕಳು ಮಾತ್ರ ಇರುವ ಎಷ್ಟೋ ದಂಪತಿಗೆ ಇದು ಗೊತ್ತಾಗುವುದೇ ಸಾವಿನ ನಂತರ. ಮುಂಚೆಯೇ ಯೋಚಿಸುವವರಿಗೆ ಹಿಬಾ ಇದೆ. ಕೊಡುತ್ತೇನೆ ಎಂಬ ಘೋಷಣೆ, ಪಡೆಯುವವರ ಸ್ವೀಕಾರ, ಸ್ವಾಧೀನ ಒಪ್ಪಿಸುವುದು, ಈ ಮೂರೂ ಆಗಬೇಕು. ಮುಸ್ಲಿಮರ ಬಾಯಿಮಾತಿನ ಹಿಬಾ ಸಹ ಊರ್ಜಿತ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಆದರೂ ಬರವಣಿಗೆಯಲ್ಲಿಟ್ಟು, ಖಾತೆ ಬದಲಾಯಿಸಿ, ಸ್ವಾಧೀನ ಕೊಟ್ಟದ್ದಕ್ಕೆ ದಾಖಲೆ ಇಟ್ಟುಕೊಳ್ಳುವುದು ಕ್ಷೇಮ. ಮರಣಶಯ್ಯೆಯಲ್ಲಿ ಕೊಟ್ಟ ಹಿಬಾಕ್ಕೆ ವಸಿಯತ್‌ನ ಮಿತಿಗಳೇ ಬಂದುಬಿಡುತ್ತವೆ. ಆದ್ದರಿಂದ ಆರೋಗ್ಯವಾಗಿರುವಾಗಲೇ ಮಾಡಬೇಕು.

ಹಂತ 6: ಹೆಚ್ಚಾದರೆ ಔಲ್, ಕಡಿಮೆಯಾದರೆ ರದ್ದ್

ಒಬ್ಬಳು ತೀರಿಕೊಂಡಳು. ಗಂಡ ಇದ್ದಾನೆ, ಇಬ್ಬರು ಸ್ವಂತ ಸಹೋದರಿಯರಿದ್ದಾರೆ. ಗಂಡನಿಗೆ 1/2, ಸಹೋದರಿಯರಿಗೆ 2/3. ಆರರಲ್ಲಿ ಮೂರು, ಆರರಲ್ಲಿ ನಾಲ್ಕು: ಏಳಾಯಿತು. ಇರುವುದೇ ಆರು. ಖಲೀಫಾ ಉಮರ್ ಅವರ ಕಾಲದಲ್ಲಿ ಈ ಇಕ್ಕಟ್ಟು ಎದುರಾಯಿತು. ಎರಡೂ ಪಾಲು ಕುರ್‌ಆನಿನವೇ, ಯಾರದನ್ನು ಕತ್ತರಿಸುವುದು? ಸಂಗಾತಿಗಳ ಜೊತೆ ಸಮಾಲೋಚಿಸಿ ಛೇದವನ್ನೇ ಏಳಕ್ಕೆ ಏರಿಸಲಾಯಿತು, ಇದೇ ಔಲ್. ಗಂಡನಿಗೆ 3/7, ಸಹೋದರಿಯರಿಗೆ ತಲಾ 2/7. ನಷ್ಟ ಎಲ್ಲರಿಗೂ ಅವರವರ ಪಾಲಿನಷ್ಟೇ. ಸಂಗಾತಿಗಳಲ್ಲೊಬ್ಬರಾದ ಇಬ್ನ್ ಅಬ್ಬಾಸ್ ಇದನ್ನು ಒಪ್ಪಲಿಲ್ಲ, ಶಿಯಾಗಳೂ ಒಪ್ಪುವುದಿಲ್ಲ. ನಾಲ್ಕೂ ಸುನ್ನಿ ಪಂಥಗಳು ಒಪ್ಪಿವೆ. ಗ್ರಂಥದಲ್ಲಿ ಉತ್ತರ ನೇರವಾಗಿ ಇಲ್ಲದಾಗ ಇಜ್ತಿಹಾದ್, ಅಂದರೆ ಸ್ವತಂತ್ರ ವಿವೇಚನೆ ಹೇಗೆ ನಡೆಯಿತು ಎಂದು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಪಾಠ ಸಿಗದು.

ಲೆಕ್ಕಕ್ಕೆ ಬೇಕಾದ ಛೇದಗಳು ಏಳೇ: 2, 3, 4, 6, 8, 12, 24. ಅದರಲ್ಲಿ ಔಲ್ ಆಗುವುದು ಮೂರು ಮಾತ್ರ. 6 ಏರಿದರೆ 7, 8, 9, 10 ಆಗಬಹುದು, 12 ಏರಿದರೆ 13, 15, 17, 24 ಏರಿದರೆ 27 ಮಾತ್ರ. ನಿಮ್ಮ ಲೆಕ್ಕ ಇದರಾಚೆ ಹೋದರೆ ಎಲ್ಲೋ ಎಡವಿದ್ದೀರಿ ಎಂದೇ ಅರ್ಥ. 27ರ ಪ್ರಸಿದ್ಧ ಉದಾಹರಣೆ: ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ತಂದೆ, ತಾಯಿ. 3 + 16 + 4 + 4 = 27. ಖಲೀಫಾ ಅಲಿ ಅವರು ಮಿಂಬರಿನ (ಮಸೀದಿಯ ಪ್ರವಚನ ಪೀಠದ) ಮೇಲಿದ್ದಾಗಲೇ ಯಾರೋ ಕೇಳಿದರಂತೆ, ಹೆಂಡತಿಯ ಎಂಟನೇ ಒಂದು ಒಂಬತ್ತನೇ ಒಂದಾಯಿತು ಎಂದು ನಿಂತಲ್ಲೇ ಹೇಳಿದರು ಎಂದು ಪರಂಪರೆಯಲ್ಲಿದೆ. 3/27 ಎಂದರೆ 1/9 ತಾನೇ.

ತಿರುಗುಮುರುಗಾಗಿ, ಪಾಲು ಕೊಟ್ಟೂ ಮಿಕ್ಕು, ಅಸಬಾ ಯಾರೂ ಇಲ್ಲದಿದ್ದರೆ ಮಿಕ್ಕದ್ದು ಪಾಲುದಾರರಿಗೇ ಅವರ ಪಾಲಿನ ಪ್ರಮಾಣದಲ್ಲಿ ಮರಳುತ್ತದೆ, ಇದೇ ರದ್ದ್. ತಾಯಿ ಮತ್ತು ಮಗಳು ಮಾತ್ರ ಇದ್ದರೆ ಆರರಲ್ಲಿ ಒಂದು, ಮೂರು, ಒಟ್ಟು ನಾಲ್ಕು. ಛೇದವನ್ನು ನಾಲ್ಕಕ್ಕೆ ಇಳಿಸಿ: ತಾಯಿಗೆ 1/4, ಮಗಳಿಗೆ 3/4. ಬೇರೆ ವಾರಸುದಾರರಿರುವಾಗ ಗಂಡಹೆಂಡತಿಗೆ ಈ ಮರಳಿಕೆ ಇಲ್ಲ. ಹೆಂಡತಿ, ಮಗಳು ಇಬ್ಬರೇ ಇದ್ದರೆ ಹೆಂಡತಿಗೆ 1/8, ಮಗಳಿಗೆ 7/8.

ಹಂತ 7: ಸಾವಿನ ಮೇಲೆ ಸಾವು

ನಮ್ಮ ಊರುಗಳಲ್ಲಿ ಅತಿ ಹೆಚ್ಚು ಬೇಕಾಗುವ ಹಂತ ಇದು. ಶಾಸ್ತ್ರದಲ್ಲಿ ಮುನಾಸಖಾ ಎನ್ನುತ್ತಾರೆ. ತಾತ ಸತ್ತು ಪಾಲಾಗಲಿಲ್ಲ, ಅಷ್ಟರಲ್ಲಿ ಮಗನೂ ಸತ್ತ. ನಿಯಮ ಒಂದೇ: ಮೊದಲ ಸಾವಿನ ಲೆಕ್ಕ ಪೂರ್ತಿ ಮುಗಿಸಿ, ಎರಡನೇ ಸಾವಿನವನ ಪಾಲನ್ನು ಅವನ ಆಸ್ತಿ ಎಂದು ತೆಗೆದುಕೊಂಡು ಮತ್ತೆ ಹೊಸದಾಗಿ ಲೆಕ್ಕ ಹಾಕಿ.

ಪಾಂಡವಪುರದ ಕಡೆ ಒಂದು ಆಲೆಮನೆ ನಿಂತಿರುವ, ಭೂಪರಿವರ್ತನೆ ಆದ ಒಂದು ಎಕರೆ ಜಾಗ ಎಂದಿಟ್ಟುಕೊಳ್ಳಿ. 40 ಗುಂಟೆ. ಒಡೆಯ ತೀರಿಕೊಂಡ. ಹೆಂಡತಿ ಮೊದಲೇ ಇಲ್ಲ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಐದು ಭಾಗ: ಹಿರಿಯನಿಗೆ 16 ಗುಂಟೆ, ಕಿರಿಯನಿಗೆ 16, ಮಗಳಿಗೆ 8. ಯಾರೂ ಪಾಲು ಮಾಡಿಕೊಳ್ಳಲಿಲ್ಲ. ವರ್ಷಗಳ ಮೇಲೆ ಹಿರಿಯ ಮಗ ತೀರಿಕೊಂಡ. ಅವನಿಗೆ ಹೆಂಡತಿ, ಒಬ್ಬಳು ಮಗಳು.

ಹಿರಿಯನ 16 ಗುಂಟೆಯಲ್ಲಿ ಹೆಂಡತಿಗೆ 1/8, ಅಂದರೆ 2. ಮಗಳಿಗೆ 1/2, ಅಂದರೆ 8. ಉಳಿದ 6 ಗುಂಟೆ ತಮ್ಮ ತಂಗಿಗೆ ಎರಡಕ್ಕೊಂದರಂತೆ: ತಮ್ಮನಿಗೆ 4, ತಂಗಿಗೆ 2. ಈಗ ಒಟ್ಟು ನೋಡಿ. ಕಿರಿಯ ಮಗನಿಗೆ 20 ಗುಂಟೆ, ತಂಗಿಗೆ 10, ಹಿರಿಯನ ಮಗಳಿಗೆ 8, ಹಿರಿಯನ ಹೆಂಡತಿಗೆ 2. ಕೂಡಿಸಿದರೆ 40. ಹೆಂಡತಿಗೆ ಮೆಹರ್ ಬಾಕಿಯಿದ್ದರೆ ಹಿರಿಯನ 16 ಗುಂಟೆಯ ಬೆಲೆಯಿಂದ ಮೊದಲು ಅದನ್ನು ತೀರಿಸಿ ಆಮೇಲೆ ಈ ಹಂಚಿಕೆ.

ಸಾವಿನ ಕ್ರಮ ಹಿಂದುಮುಂದಾದರೆ? ಹಿರಿಯ ಮಗ ತಂದೆಗಿಂತ ಒಂದೇ ದಿನ ಮೊದಲು ತೀರಿಕೊಂಡಿದ್ದರೂ ತಾತನ ಜಾಗದಲ್ಲಿ ಆ ಮೊಮ್ಮಗಳ 8 ಗುಂಟೆ ಸೊನ್ನೆ, ಅವಳ ತಾಯಿಯ 2 ಗುಂಟೆಯೂ ಸೊನ್ನೆ. ಇಡೀ ಎಕರೆ ಕಿರಿಯ ಮಗನಿಗೂ ಮಗಳಿಗೂ ಎರಡಕ್ಕೊಂದರಂತೆ ಹೋಗುತ್ತದೆ. ಮರಣ ಪ್ರಮಾಣಪತ್ರದ ತಾರೀಖುಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳದೆ ಪೆನ್ನು ಎತ್ತಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಹಂತ 8: ಲೆಕ್ಕದಿಂದ ಕಚೇರಿಗೆ

ಪೌತಿ ಖಾತೆಗೆ ಅರ್ಜಿ ಹಾಕುವಾಗ ಎಲ್ಲ ವಾರಸುದಾರರ ಹೆಸರೂ ಇರಲಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳದ್ದೂ. ಖಾತೆ ಅಣ್ಣನೊಬ್ಬನ ಹೆಸರಿಗೆ ಬಂದ ಮಾತ್ರಕ್ಕೆ ತಂಗಿಯ ಪಾಲು ಸಾಯುವುದಿಲ್ಲ. ಆದರೆ ಆಮೇಲೆ ಕೋರ್ಟಿಗೆ ಅಲೆಯುವ ಹೊರೆ ಅವಳ ಮೇಲೆ ಬೀಳುತ್ತದೆ. ಎಲ್ಲರೂ ಒಪ್ಪಿದ್ದರೆ ವಿಭಾಗ ಪತ್ರ ನೋಂದಾಯಿಸಿ.

ಅಪ್ಪ ಬದುಕಿರುವಾಗಲೇ ಮದುವೆ ಹೊತ್ತಿಗೆ ಮಗಳಿಂದ "ಮುಂದೆ ಪಾಲು ಕೇಳುವುದಿಲ್ಲ" ಎಂದು ಬರೆಸಿಕೊಳ್ಳುವ ಪದ್ಧತಿ ಇದೆ. ಆಗ ಅವಳಿಗೆ ಹಕ್ಕೇ ಹುಟ್ಟಿಲ್ಲ, ಇಲ್ಲದ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ. ಆದರೆ ಹಣ ಪಡೆದು ಹಾಗೆ ಬರೆದುಕೊಟ್ಟು, ಅದನ್ನು ನಂಬಿ ಉಳಿದವರು ನಡೆದುಕೊಂಡಿದ್ದರೆ ಆಮೇಲೆ ಪಾಲು ಕೇಳದಂತೆ ತಡೆ ಬರಬಹುದು ಎಂದು ಸುಪ್ರೀಂ ಕೋರ್ಟ್ 1973ರಲ್ಲಿ ಹೇಳಿದೆ. ಸಾವಿನ ನಂತರ, ಪಾಲು ಎಷ್ಟೆಂದು ತಿಳಿದು, ಮನಸಾರೆ ಬಿಟ್ಟುಕೊಟ್ಟರೆ ಅದು ಅವರವರ ಇಷ್ಟ. ತಿಳಿಯದೆ ಹಾಕಿದ ಸಹಿಯನ್ನು ಉದಾರತೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮುಫ್ತಿಗಳ ಹತ್ತಿರ ಫತ್ವಾ ಕೇಳುವುದು ಒಳ್ಳೆಯದೇ, ಅವರ ಲೆಕ್ಕ ಸಾಮಾನ್ಯವಾಗಿ ಕರಾರುವಾಕ್ಕಾಗಿರುತ್ತದೆ. ಆದರೆ ಫತ್ವಾಕ್ಕೆ ಕಾನೂನಿನ ಬಲವಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟಪಡಿಸಿದೆ. ವ್ಯಾಜ್ಯವಿದ್ದರೆ ಸಿವಿಲ್ ನ್ಯಾಯಾಲಯದ ಡಿಕ್ರಿಯೇ ಬೇಕು.

ಹಂತ 9: ಭಿನ್ನಾಭಿಪ್ರಾಯಗಳನ್ನು ಓದುವುದು

ಲೆಕ್ಕ ಕೈಗೆ ಹತ್ತಿದ ಮೇಲೆ ನಿಜವಾದ ಓದು ಶುರು. ಈ ಪ್ರಕರಣ ಹಿಡಿಯಿರಿ: ಗಂಡ, ತಾಯಿ, ತಾಯಿ ಒಬ್ಬಳೇ ಆದ ಇಬ್ಬರು ಸಹೋದರರು, ಇಬ್ಬರು ಸ್ವಂತ ಸಹೋದರರು. 1/2 + 1/6 + 1/3 ಕೂಡಿದರೆ ಆಸ್ತಿ ಮುಗಿಯಿತು. ಸ್ವಂತ ಸಹೋದರರು ಶೇಷದವರು, ಶೇಷವೇ ಇಲ್ಲ. "ನಮ್ಮ ತಂದೆ ಒಂದು ಕತ್ತೆ ಎಂದೇ ಇಟ್ಟುಕೊಳ್ಳಿ, ತಾಯಿಯಂತೂ ಒಬ್ಬಳೇ ಅಲ್ಲವೇ?" ಎಂದು ಅವರು ವಾದಿಸಿದರಂತೆ. ಉಮರ್ ಒಮ್ಮೆ ಅವರಿಗಿಲ್ಲ ಎಂದು ತೀರ್ಪು ಕೊಟ್ಟಿದ್ದರು, ಇನ್ನೊಮ್ಮೆ ಎಲ್ಲರನ್ನೂ ಆ 1/3ರಲ್ಲಿ ಸೇರಿಸಿದರು. ಹಳೆಯ ತೀರ್ಪು ಅಂದಿನದು, ಇದು ಇಂದಿನದು ಎಂದು ಎರಡನ್ನೂ ಉಳಿಸಿದರು ಎನ್ನುತ್ತಾರೆ. ಹನಫಿಗಳು ಮೊದಲನೆಯದನ್ನು ಹಿಡಿದರು, ಮಾಲಿಕಿ ಮತ್ತು ಶಾಫಿಗಳು ಎರಡನೆಯದನ್ನು. ರಾಜೀವನಗರದ ಒಂದೇ ಬೀದಿಯಲ್ಲಿ ಹನಫಿ ಮನೆಗೂ ಶಾಫಿ ಮನೆಗೂ ಉತ್ತರ ಬೇರೆಯಾಗುತ್ತದೆ, ಎರಡೂ ಶಾಸ್ತ್ರಸಮ್ಮತ.

ಇನ್ನೊಂದು: ಹೆಂಡತಿ, ತಾಯಿ, ತಂದೆ ಮಾತ್ರ ಇದ್ದಾಗ ತಾಯಿಗೆ ಇಡೀ ಆಸ್ತಿಯ 1/3 ಕೊಡದೆ, ಹೆಂಡತಿಯ ಪಾಲು ಕಳೆದು ಉಳಿದದ್ದರ 1/3 ಕೊಡುತ್ತಾರೆ. ಹೆಂಡತಿಗೆ 1/4, ತಾಯಿಗೆ 1/4, ತಂದೆಗೆ 1/2. ಇಬ್ನ್ ಅಬ್ಬಾಸ್ ತಾಯಿಗೆ ಪೂರ್ತಿ ಮೂರನೇ ಒಂದೇ ಸಲ್ಲಬೇಕು ಎಂದರು. 11ನೇ ಆಯತ್ ಮತ್ತೆ ತೆಗೆದು ಓದಿ, ಎರಡೂ ವಾದ ಹೇಗೆ ಹುಟ್ಟುತ್ತದೆ ಎಂದು ನೀವೇ ಕಾಣಬಹುದು.

ಮುಂದೆ ಓದಲು ಸಜಾವಂದಿಯವರ ಸಿರಾಜಿಯ್ಯಾ ಹನಫಿ ವಾರಸಿನ ಮೂಲ ಪಠ್ಯ. ವಿಲಿಯಂ ಜೋನ್ಸ್ 1792ರಲ್ಲಿ ಕಲ್ಕತ್ತೆಯಲ್ಲಿ ಇದರ ಇಂಗ್ಲಿಷ್ ಅನುವಾದ ಪ್ರಕಟಿಸಿದ. ನ್ಯಾಯಾಲಯದ ಭಾಷೆಗೆ ಡಿ.ಎಫ್. ಮುಲ್ಲಾ, ಇತಿಹಾಸ ಮತ್ತು ಹಿನ್ನೆಲೆಗೆ ಎ.ಎ.ಎ. ಫೈಜಿ ಅವರ ಪುಸ್ತಕಗಳು. ಮೈಸೂರಿನ ಶಾರದಾವಿಲಾಸ, ವಿದ್ಯಾವರ್ಧಕ, ಜೆಎಸ್‌ಎಸ್ ಕಾನೂನು ಕಾಲೇಜುಗಳಲ್ಲೋ ಮಂಡ್ಯದ ಪಿಇಎಸ್‌ನಲ್ಲೋ ಓದುತ್ತಿರುವವರು ಮದ್ರಸಾದಲ್ಲಿ ಓದಿದ ಒಬ್ಬರನ್ನು ಜೊತೆಗೆ ಹಾಕಿಕೊಂಡು ಕೂತರೆ ಇಬ್ಬರಿಗೂ ಲಾಭ. ಅವರಿಗೆ ಅರಬಿ ಪಠ್ಯ ಗೊತ್ತು, ನಿಮಗೆ ಕಾಯ್ದೆ ಗೊತ್ತು.

ಬಿಡಿಸಿ ನೋಡಿ

ಉತ್ತರ ಮುಚ್ಚಿಟ್ಟುಕೊಂಡು ಈ ಮೂರನ್ನು ಮಾಡಿ. ಒಂದು: ಗಂಡ, ತಾಯಿ, ಒಬ್ಬ ಸ್ವಂತ ಸಹೋದರಿ. ಎರಡು: ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಸ್ವಂತ ಸಹೋದರ. ಮೂರು: ಗಂಡ, ಒಬ್ಬ ಮಗ, ಒಬ್ಬಳು ಮಗಳು, ಸತ್ತವಳ ತಂದೆ.

ಮೊದಲನೆಯದು ಆರರಿಂದ ಎಂಟಕ್ಕೆ ಏರುತ್ತದೆ: ಗಂಡನಿಗೆ 3/8, ತಾಯಿಗೆ 2/8, ಸಹೋದರಿಗೆ 3/8. ಸಹೋದರಿ ಒಬ್ಬಳೇ ಆದ್ದರಿಂದ ತಾಯಿಯ 1/3 ಇಳಿಯಲಿಲ್ಲ. ಎರಡನೆಯದರಲ್ಲಿ 24ಕ್ಕೆ ಹೆಂಡತಿಗೆ 3, ಹೆಣ್ಣುಮಕ್ಕಳಿಗೆ ತಲಾ 8, ಸಹೋದರನಿಗೆ 5. ಮೂರನೆಯದರಲ್ಲಿ ಗಂಡನಿಗೆ 1/4, ತಂದೆಗೆ 1/6, ಉಳಿದ 7/12 ಮಕ್ಕಳಿಗೆ. 36ಕ್ಕೆ ಏರಿಸಿದರೆ ಗಂಡನಿಗೆ 9, ತಂದೆಗೆ 6, ಮಗನಿಗೆ 14, ಮಗಳಿಗೆ 7.